ಈಸ್ಟರ್ನ್ ಅಂದ್ರೆ ಪೂರ್ವ ಅಲ್ವಂತೆ: ಗ್ರೀನ್‌ಲ್ಯಾಂಡ್ ಮ್ಯಾಪಲ್ಲಿ ನಾನು ಸೋತ ಬೆಟ್

ಈ ಪೋಸ್ಟು ನಾನಾಗೇ ಖುಷಿಯಿಂದ ಬರೀತಿರೋದಲ್ಲ, ಬೆಟ್ ಸೋತಿದ್ದಕ್ಕೆ ಬರೀತಿರೋದು. ನಮ್ಮ ಗುಂಪಲ್ಲಿ ಒಬ್ಬ ಮ್ಯಾಪ್ ಹುಚ್ಚ ಇದಾನೆ, ಅವನು ಒಂದಿನ ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ಮೆಸೇಜ್ ಹಾಕ್ದ. ಗ್ರೀನ್‌ಲ್ಯಾಂಡಲ್ಲಿ ಸಾವಿರ ವರ್ಷದ ಹಿಂದೆ ನಾರ್ಸ್ ಜನ (ನಾರ್ವೆ, ಐಸ್‌ಲ್ಯಾಂಡ್ ಕಡೆಯ ವೈಕಿಂಗ್ ಕಾಲದೋರು) ಎರಡು ಕಾಲೊನಿ ಮಾಡ್ಕೊಂಡಿದ್ರು, ಒಂದಕ್ಕೆ ಈಸ್ಟರ್ನ್ ಸೆಟಲ್‌ಮೆಂಟ್, ಇನ್ನೊಂದಕ್ಕೆ ವೆಸ್ಟರ್ನ್ ಸೆಟಲ್‌ಮೆಂಟ್ ಅಂತ ಹೆಸರು, ಈಸ್ಟರ್ನ್ ಇದ್ದಿದ್ದು ಯಾವ ಕರಾವಳೀಲಿ ಹೇಳು ನೋಡೋಣ ಅಂದ. ಇದೇನ್ ಪ್ರಶ್ನೆ ಮಾರಾಯ, ಹೆಸರಲ್ಲೇ ಉತ್ತರ ಇದ್ಯಲ್ಲ, ಪೂರ್ವ ಕರಾವಳಿ ಅಂದೆ. ಬೆಟ್ಟಾ ಅಂದ. ಬೆಟ್ಟು ಅಂದೆ. ಸೋತೋರು ಅದರ ಬಗ್ಗೆ ಪೂರ್ತಿ ಒಂದು ಪೋಸ್ಟ್ ಬರೀಬೇಕು ಅನ್ನೋದು ಷರತ್ತು.

ಎರಡೂ ಪಶ್ಚಿಮ ಕರಾವಳೀಲೇ ಇವೆ. ಎರಡೂ!

ನನಗಾದ ಅವಮಾನಕ್ಕೆ ಒಂದೇ ಸಮಾಧಾನ ಏನಂದ್ರೆ ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಇದೇ ತಪ್ಪನ್ನ ಇಡೀ ಡೆನ್ಮಾರ್ಕ್ ಸರ್ಕಾರ ನೂರು ವರ್ಷ ಮಾಡಿದೆ, ಅದೂ ಹಡಗು, ದುಡ್ಡು, ಮನುಷ್ಯರನ್ನೆಲ್ಲ ಕಳಿಸಿ ಮಾಡಿದೆ. ನಾನು ಬರೀ ಒಂದು ರಾತ್ರಿ ನಿದ್ದೆ ಕಳ್ಕೊಂಡೆ ಅಷ್ಟೆ.

ಸರಿ, ಮೊದಲಿಂದ ಹೇಳ್ತೀನಿ. ಐಸ್‌ಲ್ಯಾಂಡಲ್ಲಿ ಕೊಲೆ ಮಾಡಿ ಮೂರು ವರ್ಷ ಗಡೀಪಾರಾದ ಕೆಂಪು ಎರಿಕ್ ಅಂತ ಒಬ್ಬ, ಹೊರಗಿರೋ ಆ ಮೂರು ವರ್ಷದಲ್ಲಿ ಪಶ್ಚಿಮಕ್ಕೆ ಹಡಗು ತಗೊಂಡು ಹೋಗಿ ಈ ನೆಲ ಎಲ್ಲ ಸುತ್ತಾಡ್ಕೊಂಡು ಬಂದ. ವಾಪಸ್ ಬಂದು ಜನರ ಹತ್ರ ಹೇಳ್ವಾಗ ಗ್ರೀನ್‌ಲ್ಯಾಂಡ್ ಅಂತ ಹೆಸರಿಟ್ಟ, ಹೆಸರು ಚೆನ್ನಾಗಿದ್ರೆ ಜನ ಬರ್ತಾರೆ ಅಂತ ಅವನೇ ಹೇಳಿದ್ನಂತೆ, ಐಸ್‌ಲ್ಯಾಂಡಿನ ಹಳೇ ಬರಹದಲ್ಲೇ ಇದೆ ಇದು. ಲೇಔಟ್ ಮಾಡಿ ಸೈಟ್ ಮಾರೋರ ಬುದ್ಧಿ ಈಗಿಂದಲ್ಲ ನೋಡಿ. 985-86ರ ಸುಮಾರಿಗೆ 25 ಹಡಗು ಹೊರಟ್ವು, ಹೋಗಿ ಮುಟ್ಟಿದ್ದು 14, ಮಿಕ್ಕಿದ್ದು ಕೆಲವು ವಾಪಸ್ ಬಂದ್ವು, ಕೆಲವು ಮುಳುಗೋದ್ವು.

ಆದ್ರೆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಮ್ಯಾಪ್ ತೆಗೆದು ನೋಡಿ, ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿ ಸುಮಾರು 60 ಡಿಗ್ರಿ ಉತ್ತರದಲ್ಲಿದೆ, ಅಂದ್ರೆ ನಾರ್ವೆಯ ಓಸ್ಲೋ, ಬೆರ್ಗೆನ್ ಇರೋ ಸಾಲಲ್ಲೇ. ಎರಿಕ್ ಮನೆ ಕಟ್ಕೊಂಡ ಜಾಗ 61 ಡಿಗ್ರಿ, ಅವನು ಬಿಟ್ಟು ಬಂದ ಐಸ್‌ಲ್ಯಾಂಡ್ ಇಡೀ ದೇಶ ಅದಕ್ಕಿಂತ ಉತ್ತರಕ್ಕಿದೆ. ನಾವು "ದೂರದ ಉತ್ತರ" ಅಂತ ತಲೇಲಿ ಇಟ್ಕೊಂಡಿರೋ ಕಾಲೊನಿಗೆ ಅವನು ಹೋಗಿದ್ದು ದಕ್ಷಿಣಕ್ಕೆ ಇಳ್ಕೊಂಡು! ಇದು ಗೊತ್ತಾದಾಗ ನಾನು ಎದ್ದು ಕೂತು ಇನ್ನೊಂದ್ಸಲ ಝೂಮ್ ಮಾಡಿ ನೋಡ್ದೆ.

ಮತ್ತೆ ಈಸ್ಟು ವೆಸ್ಟು ಎಲ್ಲಿಂದ ಬಂತು? ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯಿಂದ ಪಶ್ಚಿಮ ಕರಾವಳಿ ನೆಟ್ಟಗೆ ಮೇಲಕ್ಕೆ ಹೋಗಲ್ಲ, ವಾಯುವ್ಯಕ್ಕೆ ಓರೆಯಾಗಿ ಹೋಗುತ್ತೆ. ಹಡಗಲ್ಲಿ ಕೂತು ದಡ ಹಿಡ್ಕೊಂಡು ಹೋಗೋನಿಗೆ ಮೊದಲು ಸಿಗೋ ಊರುಗಳು ಪೂರ್ವದ್ದು, ಮುಂದೆ ಹೋದ್ರೆ ಸಿಗೋದು ಪಶ್ಚಿಮದ್ದು. ಈಸ್ಟರ್ನ್ ಸೆಟಲ್‌ಮೆಂಟ್ ಇದ್ದಿದ್ದು ಈಗಿನ ಕಾಕೊರ್ತೊಕ್, ನಾರ್ಸಾಕ್ ಊರುಗಳ ಸುತ್ತಮುತ್ತ, ವೆಸ್ಟರ್ನ್ ಇದ್ದಿದ್ದು ಈಗಿನ ರಾಜಧಾನಿ ನೂಕ್ ಹಿಂದಿನ ಫ್ಯೋರ್ಡ್‌ಗಳಲ್ಲಿ, ಸುಮಾರು 500 ಕಿಲೋಮೀಟರ್ ಆಚೆಗೆ. ನಮ್ಮ ಮ್ಯಾಪ್ ಲೆಕ್ಕದಲ್ಲಿ ಒಂದು ದಕ್ಷಿಣ ಇನ್ನೊಂದು ಉತ್ತರ ಅನ್ಬೇಕು. ಆದ್ರೆ ಹೆಸರಿಟ್ಟೋರ ಕೈಲಿ ಮ್ಯಾಪ್ ಎಲ್ಲಿತ್ತು, ಹುಟ್ಟು ಇತ್ತು, ಪಟ ಇತ್ತು, ಅವರ ದಿಕ್ಕು ಅವರ ಪ್ರಯಾಣದ ದಿಕ್ಕು.

ಇನ್ನೊಂದು ವಿಷ್ಯ, ಫ್ಯೋರ್ಡ್ ಅಂದ್ರೆ ಬೆಟ್ಟಗಳ ಮಧ್ಯ ಸಮುದ್ರ ಉದ್ದಕ್ಕೆ ಒಳಗೆ ನುಗ್ಗಿರೋ ಜಾಗ. ನಾರ್ಸ್ ಜನ ಸಮುದ್ರದ ಬಾಯಲ್ಲಿ ಮನೆ ಕಟ್ಟಲಿಲ್ಲ, ಹತ್ತಾರು ಕಿಲೋಮೀಟರ್ ಒಳಗೆ ಹೋಗಿ ಫ್ಯೋರ್ಡಿನ ಕೊನೇಲಿ ಕಟ್ಟಿದ್ರು. ಯಾಕಂದ್ರೆ ಹುಲ್ಲು. ಹೊರಗಿನ ದಡದಲ್ಲಿ ಮಂಜು, ಚಳಿಗಾಳಿ, ಬರೀ ಬಂಡೆ. ಒಳಗೆ ಬೇಸಿಗೆ ಸ್ವಲ್ಪ ಬೆಚ್ಚಗಿರುತ್ತೆ, ಬಿಸಿಲು ಬೀಳುತ್ತೆ, ಹಸು ಕುರಿ ಮೇಯಿಸೋ ಅಷ್ಟು ಹುಲ್ಲು ಬೆಳೆಯುತ್ತೆ. ಇವರು ಮೂಲತಃ ದನ ಸಾಕೋ ರೈತರು ಕಣ್ರಿ, ವೈಕಿಂಗ್ ಅಂದ ತಕ್ಷಣ ಕೊಡಲಿ ಹಿಡ್ಕೊಂಡಿರೋ ಗಡ್ಡದವನೇ ಕಣ್ಮುಂದೆ ಬರ್ತಾನೆ, ಆದ್ರೆ ಗ್ರೀನ್‌ಲ್ಯಾಂಡಲ್ಲಿ ಇವರ ವರ್ಷ ಪೂರ್ತಿ ಹೋಗ್ತಿದ್ದಿದ್ದು ಒಣಹುಲ್ಲು ಕೂಡಿಡೋ ಚಿಂತೇಲಿ. ಬಿಷಪ್ ಇದ್ದ ಗಾರ್ದರ್ ಅನ್ನೋ ಊರಲ್ಲಿ ಸುಮಾರು ನೂರು ಹಸು ಕಟ್ಟೋ ಅಷ್ಟು ದೊಡ್ಡ ಕೊಟ್ಟಿಗೆಯ ಕಲ್ಲು ಇನ್ನೂ ಇದೆ. ಚಳಿಗಾಲ ಪೂರ್ತಿ ಹಸುಗಳು ಆ ಕತ್ತಲ ಕೊಟ್ಟಿಗೇಲೇ ನಿಂತು ನಿಂತು, ಹುಲ್ಲೂ ಮುಗಿದು, ವಸಂತ ಬರೋ ಹೊತ್ತಿಗೆ ನಡೆಯೋಕಾಗದಷ್ಟು ಸೊರಗಿ ಹೋಗಿರ್ತಿದ್ವು, ಅವನ್ನ ಹೊಲಕ್ಕೆ ಎತ್ಕೊಂಡೇ ಹೋಗ್ತಿದ್ರು ಅಂತ ಹೇಳ್ತಾರೆ. ನನಗೆ ಇಡೀ ಕಾಲೊನಿಯ ಕಥೆ ಅರ್ಥ ಆಗಿದ್ದು ಆ ಹಸುಗಳ ವಿಷ್ಯ ಓದಿದ ಮೇಲೆ, ರಾಜರ ಹೆಸರು ಇಸವಿ ಓದಿದಾಗ ಅಲ್ಲ.

ದುಡ್ಡು ಬರ್ತಿದ್ದಿದ್ದು ಮಾತ್ರ ಬೇರೆ ಕಡೆಯಿಂದ. ಬೇಸಿಗೇಲಿ ಗಂಡಸರು ದೋಣಿ ತಗೊಂಡು ಇನ್ನೂ ಉತ್ತರಕ್ಕೆ, ಡಿಸ್ಕೋ ಕೊಲ್ಲಿ ಕಡೆ ಹೋಗ್ತಿದ್ರು, ವಾಲ್ರಸ್ ಬೇಟೆಗೆ. ಅದರ ದಂತಕ್ಕೆ ಯುರೋಪಲ್ಲಿ ಒಳ್ಳೆ ಬೆಲೆ. ಎಷ್ಟು ದೂರ ಹೋಗಿದ್ರು ಅನ್ನೋದಕ್ಕೆ ಒಂದು ಸಾಕ್ಷಿ ಇದೆ, ಅದು ನನಗೆ ಇದರಲ್ಲೆಲ್ಲ ತುಂಬಾ ಇಷ್ಟ ಆದ ವಸ್ತು. 1824ರಲ್ಲಿ ಉಪೆರ್ನಾವಿಕ್ ಊರಿಗೂ ಉತ್ತರಕ್ಕೆ, ಸುಮಾರು 73 ಡಿಗ್ರೀಲಿ ಒಂದು ದ್ವೀಪದ ನೆತ್ತಿ ಮೇಲೆ ಕಲ್ಲುಗುಪ್ಪೆ ಹತ್ರ ಒಂದು ಸಣ್ಣ ಕಲ್ಲು ಸಿಕ್ತು, ಅಂಗೈಲಿ ಹಿಡ್ಕೊಳ್ಳೋ ಅಷ್ಟು ಸಣ್ಣದು. ಅದರ ಮೇಲೆ ರೂನ್ ಅನ್ನೋ ನಾರ್ಸ್ ಜನರ ಹಳೇ ಲಿಪೀಲಿ ಎರ್ಲಿಂಗ್, ಬ್ಯಾರ್ನಿ, ಎಂದ್ರಿದಿ ಅಂತ ಮೂರು ಜನರ ಹೆಸರು, ಜೊತೆಗೆ ಅವರ ಅಪ್ಪಂದಿರ ಹೆಸರು, ಇಂಥ ಹಬ್ಬದ ಹಿಂದಿನ ಶನಿವಾರ ಈ ಕಲ್ಲುಗುಪ್ಪೆ ಕಟ್ಟಿದ್ವಿ ಅಂತ ಇದೆ. ಆ ಹಬ್ಬ ಬರೋದು ಏಪ್ರಿಲ್ ಕೊನೇಲಿ. ಅಂದ್ರೆ ಮನೆಯಿಂದ ಅಷ್ಟು ಹೊತ್ತಿಗೆ ಹೊರಟು ಅಲ್ಲಿಗೆ ಮುಟ್ಟೋದು ಕಷ್ಟ, ಬಹುಶಃ ಆ ಚಳಿಗಾಲ ಪೂರ್ತಿ ಅಲ್ಲೇ ಸಿಕ್ಕಾಕ್ಕೊಂಡಿದ್ರು. ಮೂರು ಜನ, ಕತ್ತಲು, ಐಸು, ಕೊನೆಗೆ ಬೆಳಕು ಬಂದಾಗ ಬೆಟ್ಟ ಹತ್ತಿ ಕಲ್ಲು ಪೇರಿಸಿ ಹೆಸರು ಕೆತ್ತಿದಾರೆ. ನಾವು ಬೆಟ್ಟದ ಮೇಲೆ ಬಂಡೆಗೆ ಪೇಂಟಲ್ಲಿ ಹೆಸರು ಬರೆಯೋದಕ್ಕೂ ಇದಕ್ಕೂ ಏನ್ ವ್ಯತ್ಯಾಸ ಅಂತ ಕೇಳ್ಬೇಡಿ, ವ್ಯತ್ಯಾಸ ಇದೆ.

ಈ ಕಾಲೊನಿಗಳು ಯಾಕೆ ಮುಗಿದುಹೋದ್ವು ಅನ್ನೋದ್ರ ಬಗ್ಗೆ ದೊಡ್ಡ ದೊಡ್ಡ ಜಗಳ ಇವೆ, ಚಳಿ ಜಾಸ್ತಿ ಆಯ್ತು, ದಂತದ ವ್ಯಾಪಾರ ಬಿತ್ತು, ಹಡಗು ಬರೋದು ನಿಂತುಹೋಯ್ತು, ಎಲ್ಲ ಸೇರಿರ್ಬೇಕು. ಅಲ್ಲಿ ಸಿಕ್ಕಿರೋ ಮೂಳೆಗಳ ಪರೀಕ್ಷೆ ಹೇಳೋದೇನಂದ್ರೆ ಕಾಲ ಹೋದಂಗೆ ಅವರು ದನ ಕಮ್ಮಿ, ಸೀಲ್ ಜಾಸ್ತಿ ತಿಂತಾ ಬಂದ್ರು. ವೆಸ್ಟರ್ನ್ ಕಡೆ ಹದಿನಾಲ್ಕನೇ ಶತಮಾನದಲ್ಲೇ ಖಾಲಿ, ಅಲ್ಲಿಗೆ ಹೋದ ಚರ್ಚಿನ ಒಬ್ಬ ಅಧಿಕಾರಿ ಮನುಷ್ಯರಿಲ್ಲ, ದನ ಕುರಿ ಸುಮ್ನೆ ಓಡಾಡ್ತಿವೆ ಅಂತ ವರದಿ ಕೊಟ್ಟಿದಾನೆ. ಈಸ್ಟರ್ನ್ ಕಡೆಯಿಂದ ಬಂದಿರೋ ಕೊನೇ ಸುದ್ದಿ ಒಂದು ಮದುವೇದು. 1408ರ ಸೆಪ್ಟೆಂಬರಲ್ಲಿ ಹ್ವಾಲ್ಸೀ ಚರ್ಚಲ್ಲಿ ಥೋರ್ಸ್ಟೈನ್ ಅನ್ನೋನಿಗೂ ಸಿಗ್ರಿದ್ ಅನ್ನೋಳಿಗೂ ಮದುವೆ ಆಯ್ತು, ಮುಂಚೆ ಮೂರು ಭಾನುವಾರ ಚರ್ಚಲ್ಲಿ ಅನೌನ್ಸ್ ಮಾಡಿದ್ರು, ಸಾಕ್ಷಿಗಳಿದ್ರು. ಆಮೇಲೆ ಗಂಡ ಹೆಂಡ್ತಿ ಐಸ್‌ಲ್ಯಾಂಡಿಗೆ ಹೋದಾಗ ಮದುವೆ ಆಗಿರೋದಕ್ಕೆ ಪುರಾವೆ ಬೇಕಾಯ್ತು, ಹಂಗಾಗಿ ಕಾಗದಪತ್ರ ಉಳ್ಕೊಂಡಿದೆ. ಐದು ಶತಮಾನದ ಹತ್ರ ಹತ್ರ ಬದುಕಿದ ಒಂದು ಕಾಲೊನಿ ಜಗತ್ತಿಗೆ ಕೊನೇದಾಗಿ ಬಿಟ್ಟು ಹೋಗಿದ್ದು ಮ್ಯಾರೇಜ್ ಸರ್ಟಿಫಿಕೇಟು! ಚರ್ಚಿನ ನಾಲ್ಕು ಕಲ್ಲು ಗೋಡೆ ಈಗಲೂ ನೀರಿನ ಪಕ್ಕ ನಿಂತಿದೆ, ಚಾವಣಿ ಇಲ್ಲ, ಕಿಟಕಿ ಜಾಗದಲ್ಲಿ ಫ್ಯೋರ್ಡ್ ಕಾಣುತ್ತೆ.

ಇಲ್ಲಿಂದ ಶುರು ನೋಡಿ ನನ್ನಂಥವರ ಕಥೆ.

ಹಾನ್ಸ್ ಎಗೆದೆ ಅಂತ ನಾರ್ವೆಯ ಒಬ್ಬ ಪಾದ್ರಿ. ಅವನ ತಲೇಲಿ ಏನಿತ್ತಂದ್ರೆ ಗ್ರೀನ್‌ಲ್ಯಾಂಡಲ್ಲಿ ನಾರ್ಸ್ ಜನ ಇನ್ನೂ ಇದಾರೆ, ಪಾಪ ಯುರೋಪಲ್ಲಿ ಪ್ರೊಟೆಸ್ಟಂಟ್ ಅಂತ ಒಂದು ಹೊಸ ಕ್ರೈಸ್ತ ಪಂಥ ಬಂದಿರೋದೇ ಅವರಿಗೆ ಗೊತ್ತಿಲ್ಲ, ಹೋಗಿ ಹೇಳ್ಬೇಕು ಅಂತ. 1721ರಲ್ಲಿ ಹೆಂಡ್ತಿ ಮಕ್ಕಳ ಸಮೇತ ಬೆರ್ಗೆನ್‌ನಿಂದ ಹೊರಟು ಈಗಿನ ನೂಕ್ ಹತ್ರ ಇಳಿದ. ಇದ್ದಿದ್ದು ಇನ್ಯುಯಿಟ್ ಜನ (ಆರ್ಕ್ಟಿಕ್ ಕಡೆಯ ಮೂಲನಿವಾಸಿಗಳು), ನಾರ್ಸ್ ಒಬ್ಬರೂ ಇಲ್ಲ, ಬರೀ ಕಲ್ಲಿನ ಪಾಳು. (ಇಲ್ಲೊಂದು ಪಕ್ಕದ ಮಾತು: ಆಗ ನಾರ್ವೆ ಡೆನ್ಮಾರ್ಕ್ ಎರಡಕ್ಕೂ ಒಬ್ಬನೇ ರಾಜ, ಕೋಪನ್‌ಹೇಗನ್‌ನಲ್ಲಿ ಮಿಷನ್ ಕೆಲಸ ನೋಡ್ಕೊಳ್ಳೋಕೆ 1714ರಲ್ಲಿ ಒಂದು ಮಂಡಳಿ ಮಾಡಿದ್ರು, ಅದು ಗ್ರೀನ್‌ಲ್ಯಾಂಡ್ ಮಿಷನ್ನನ್ನೂ ನೋಡ್ಕೊಳ್ತಿತ್ತು, ತಮಿಳುನಾಡಿನ ತರಂಗಂಬಾಡಿ ಮಿಷನ್ನನ್ನೂ ನೋಡ್ಕೊಳ್ತಿತ್ತು. ಒಂದು 64 ಡಿಗ್ರೀಲಿ ಹಿಮದಲ್ಲಿ, ಇನ್ನೊಂದು 11 ಡಿಗ್ರೀಲಿ ಬಿಸಿಲಲ್ಲಿ, ಫೈಲು ಮಾತ್ರ ಒಂದೇ ಆಫೀಸಲ್ಲಿ. ತರಂಗಂಬಾಡೀನ ಅವರು 1845ರಲ್ಲಿ ಬ್ರಿಟಿಷರಿಗೆ ಮಾರ್ಬಿಟ್ರು.)

ಎಗೆದೆ ಬಿಡಲಿಲ್ಲ. ಈ ಪಾಳು ಎಲ್ಲ ವೆಸ್ಟರ್ನ್ ಸೆಟಲ್‌ಮೆಂಟಿಂದು, ಈಸ್ಟರ್ನ್ ಜನ ಪೂರ್ವ ಕರಾವಳೀಲಿ ಕ್ಷೇಮವಾಗಿ ಇದಾರೆ ಅಂತ ಅವನ ನಂಬಿಕೆ. 1723ರಲ್ಲಿ ಹುಡುಕ್ಕೊಂಡು ದಕ್ಷಿಣಕ್ಕೆ ದೋಣೀಲಿ ಹೋದ, ದಾರೀಲಿ ಹ್ವಾಲ್ಸೀ ಚರ್ಚನ್ನ ಕಣ್ಣಾರೆ ನೋಡ್ದ, ಅದರ ಮುಂದೆ ನಿಂತ್ಕೊಂಡೇ ಇದು ಈಸ್ಟರ್ನ್ ಅಲ್ಲ ಅಂದ್ಕೊಂಡ! ಹುಡುಕ್ತಿದ್ದ ಮನೆ ಜಗಲಿ ಮೇಲೆ ಕೂತು ವಿಳಾಸ ಕೇಳಿದಂಗೆ. ಅವನ ತಪ್ಪೂ ಪೂರ್ತಿ ಇಲ್ಲ ಬಿಡಿ, ಆಗಿನ ಮ್ಯಾಪುಗಳೇ ಹಂಗಿದ್ವು. 1576ರಲ್ಲಿ ಫ್ರೋಬಿಶರ್ ಅನ್ನೋ ಇಂಗ್ಲಿಷ್ ನಾವಿಕ ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಹೊಕ್ಕಿದ್ದ ಕೊಲ್ಲೀನ ಮ್ಯಾಪ್ ಬರೆಯೋರು ತಂದು ಗ್ರೀನ್‌ಲ್ಯಾಂಡಿನ ದಕ್ಷಿಣಕ್ಕೆ ಅಂಟಿಸಿ, ಅದು ಆ ಕಡೆಯಿಂದ ಈ ಕಡೆಗೆ ತೂರ್ಕೊಂಡು ಹೋಗೋ ಜಲಸಂಧಿ ಅಂತ ಗೆರೆ ಎಳೆದುಬಿಟ್ಟಿದ್ರು. ಇಲ್ಲದ ಜಲಸಂಧೀನ ಎಗೆದೆ ಹುಡುಕಿದ್ದೇ ಹುಡುಕಿದ್ದು.

ಮುಂದೆ 1780ರ ದಶಕದಲ್ಲಿ ಸರ್ಕಾರವೇ ಹಡಗು ಕಳಿಸ್ತು, ಪೂರ್ವ ಕರಾವಳೀಲಿ ಐಸ್ ದಾಟಿ ದಡಕ್ಕೇ ಹೋಗೋಕಾಗಲಿಲ್ಲ. 1790ರ ದಶಕದಲ್ಲಿ ಎಗ್ಗರ್ಸ್ ಅನ್ನೋನು ಹಳೇ ದಾಖಲೆ ಎಲ್ಲ ಇಟ್ಕೊಂಡು ಕೂತು, ಸ್ವಾಮಿ ಈಸ್ಟರ್ನ್ ಇರೋದು ಪಶ್ಚಿಮ ಕರಾವಳೀಲೇ ಅಂತ ಬರೆದ. ಸರಿಯಾಗೇ ಹೇಳಿದ್ದ. ಆದ್ರೂ ಎಲ್ಲರೂ ಒಪ್ಪಲಿಲ್ಲ, ಹಂಗಾಗಿ 1828ರಲ್ಲಿ ಗ್ರಾ ಅನ್ನೋ ನೌಕಾಪಡೆ ಅಧಿಕಾರೀನ ಕಳಿಸಿದ್ರು. ಇವನು ಬುದ್ಧಿವಂತ, ದೊಡ್ಡ ಹಡಗು ಬಿಟ್ಟು ಉಮಿಯಾಕ್ ಹಿಡಿದ. ಉಮಿಯಾಕ್ ಅಂದ್ರೆ ಕಟ್ಟಿಗೆ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿರೋ ಉದ್ದನೆ ದೋಣಿ, ಹುಟ್ಟು ಹಾಕೋರು ಹೆಂಗಸರು, ಡೇನರು ಅದನ್ನ ಹೆಂಗಸರ ದೋಣಿ ಅಂತಲೇ ಕರೀತಿದ್ರು. ಹಗುರ ಆದ್ರಿಂದ ಐಸ್ ಅಡ್ಡ ಬಂದ್ರೆ ದಡಕ್ಕೆ ಎಳೆದು ಹಾಕ್ಕೊಂಡು ಕಾಯಬಹುದು. ಹಂಗೆ ಕಾಯ್ತಾ, ಹುಟ್ಟು ಹಾಕ್ತಾ, ಚಳಿಗಾಲ ಅಲ್ಲೇ ಕಳೀತಾ 65 ಡಿಗ್ರಿ ವರೆಗೆ ಹೋಗಿ ಬಂದ. ಚರ್ಚಿಲ್ಲ, ಕೊಟ್ಟಿಗೆ ಇಲ್ಲ, ನಾರ್ಸ್ ಊರಿನ ಸುಳಿವೇ ಇಲ್ಲ. 1831ಕ್ಕೆ ವಾಪಸ್. ಅಲ್ಲಿಗೆ ಡೆನ್ಮಾರ್ಕ್ ಬೆಟ್ ಸೋತಂಗಾಯ್ತು.

ಈಗ ಡೇನರು ಮಾಡಿದ ಕಾಲೊನಿಗಳ ವಿಷ್ಯಕ್ಕೆ ಬರೋಣ, ಇದರ ಭೂಗೋಳ ನಾರ್ಸ್ ಭೂಗೋಳಕ್ಕೆ ಉಲ್ಟಾ. ಗ್ರೀನ್‌ಲ್ಯಾಂಡಲ್ಲಿ ಕಾಲೊನಿ ಅಂದ್ರೆ ಇಡೀ ದೇಶ ಅಂತ ಅಲ್ಲ, ಒಂದೊಂದು ವ್ಯಾಪಾರದ ಠಾಣೆಗೂ ಕಾಲೊನಿ ಅಂತಲೇ ಹೆಸರು. ಒಂದು ಅಂಗಡಿ, ಸೀಲ್ ತಿಮಿಂಗಿಲದ ಕೊಬ್ಬು ಕಾಯಿಸೋ ಮನೆ, ಉಗ್ರಾಣ, ಪಾದ್ರಿ ಮನೆ, ಇಷ್ಟಿದ್ರೆ ಕಾಲೊನಿ ಆಯ್ತು. ಗೋಟ್‌ಹಾಬ್ (ಈಗಿನ ನೂಕ್) 1728, ಯಾಕೋಬ್ಸ್‌ಹಾವ್ನ್ 1741, ಉಪೆರ್ನಾವಿಕ್ 1772, ಯೂಲಿಯಾನೆಹಾಬ್ (ಈಗಿನ ಕಾಕೊರ್ತೊಕ್) 1775, ಹಿಂಗೆ ಕರಾವಳಿ ಉದ್ದಕ್ಕೂ ಮಣಿ ಪೋಣಿಸಿದಂಗೆ. ಇವೆಲ್ಲ ಇರೋದು ಫ್ಯೋರ್ಡಿನ ಬಾಯಲ್ಲಿ, ಹೊರಗಿನ ಬಂಡೆಗಳ ಮೇಲೆ. ಇವರಿಗೆ ಹುಲ್ಲು ಬೇಕಾಗಿರಲಿಲ್ಲ, ಹಡಗು ನಿಲ್ಲೋ ಜಾಗ ಬೇಕಿತ್ತು, ಬೇಟೆಗಾರರು ಸೀಲ್ ಹೊಡೆಯೋ ಸಮುದ್ರ ಹತ್ರ ಬೇಕಿತ್ತು, ಆ ಬೇಟೆಗಾರರು ಇನ್ಯುಯಿಟ್ ಜನ, ಅವರು ಮೊದಲಿಂದಲೂ ಹೊರದಡದಲ್ಲೇ ಇದ್ದೋರು. ಹಂಗಾಗಿ ನೂಕ್ ಊರು ಸಮುದ್ರದ ಮೂತಿ ಮೇಲಿದೆ, ನಾರ್ಸ್ ರೈತರ ಮನೆಗಳ ಪಾಳು ಅದೇ ಫ್ಯೋರ್ಡಿನ ಹೊಟ್ಟೆ ಒಳಗಿದೆ. ನೂಕ್ ಅನ್ನೋ ಪದಕ್ಕೆ ಭೂಶಿರ ಅಂತಲೇ ಅರ್ಥ. ಯಾಕೋಬ್ಸ್‌ಹಾವ್ನ್ ಈಗ ಇಲುಲಿಸ್ಸಾತ್, ಅಂದ್ರೆ ನೀರ್ಗಲ್ಲುಗಳು, ಆ ಊರಿನ ಮುಂದೆ ದೊಡ್ಡ ದೊಡ್ಡ ಐಸ್‌ಬರ್ಗ್ ತೇಲ್ತಾ ಇರುತ್ವಲ್ಲ ಅದಕ್ಕೆ. ಡ್ಯಾನಿಶ್ ಹೆಸರು ಒಬ್ಬ ವ್ಯಾಪಾರಿಯದ್ದು, ಊರವರ ಹೆಸರು ಕಣ್ಣಿಗೆ ಕಾಣೋದು, ಯಾವುದು ನೆನಪಲ್ಲಿ ಉಳಿಯುತ್ತೆ ನೀವೇ ಹೇಳಿ.

ಇಲ್ಲಿ ಐಸ್ ಕೂಡ ಅಕ್ಷಾಂಶದ ಮಾತು ಕೇಳಲ್ಲ. ಉತ್ತರ ಧ್ರುವದ ಕಡೆಯ ಐಸು ಪೂರ್ವ ಕರಾವಳಿ ಹಿಡ್ಕೊಂಡು ಕೆಳಗೆ ಬಂದು, ದಕ್ಷಿಣ ತುದಿ ಸುತ್ತಿ, ವಸಂತದಲ್ಲಿ ಪಶ್ಚಿಮದ ಕೆಳಗಿನ ಭಾಗಕ್ಕೆ ಬಂದು ತುಂಬ್ಕೊಳ್ಳುತ್ತೆ. ಹಂಗಾಗಿ ದಕ್ಷಿಣದಲ್ಲಿರೋ ಕಾಕೊರ್ತೊಕ್ ಕಡೆ ಹಡಗಿಗೆ ದಾರಿ ಕಷ್ಟ ಆಗಿರೋ ದಿನಗಳಲ್ಲಿ, ಅದಕ್ಕಿಂತ ಉತ್ತರದ ನೂಕ್ ಬಂದರು ತೆರೆದಿರುತ್ತೆ. ಇನ್ನೊಂದು ನೋಡಿ, ಪೂರ್ವ ಕರಾವಳಿಯ ಇತ್ತೊಕ್ಕೊರ್ತೂರ್ಮೀತ್ (ಓದೋಕೆ ನನಗೂ ನಾಲ್ಕು ಸಲ ಬೇಕಾಯ್ತು) 70 ಡಿಗ್ರೀಲಿದೆ, ವರ್ಷದ ಬಹುಪಾಲು ಸಮುದ್ರ ಗಟ್ಟಿ, ಸಾಮಾನು ತರೋ ಹಡಗು ಬೇಸಿಗೇಲಿ ಒಂದೋ ಎರಡೋ ಸಲ. ನಾರ್ವೆಯ ಟ್ರೊಮ್ಸೊ ಹತ್ರ ಹತ್ರ ಅದೇ ಅಕ್ಷಾಂಶ, ಬಿಸಿ ನೀರಿನ ಪ್ರವಾಹದಿಂದ ಬಂದರು ವರ್ಷ ಪೂರ್ತಿ ಓಪನ್, ಯೂನಿವರ್ಸಿಟಿ ಇರೋ ಪಟ್ಟಣ.

ಅಂಥ ಜಾಗಕ್ಕೆ ಜನ ಯಾಕೆ ಹೋದ್ರು? ಹೋಗಲಿಲ್ಲ, ಕಳಿಸಿದ್ರು. 1925ರಲ್ಲಿ ಅದೇ ಪೂರ್ವ ಕರಾವಳೀಲಿ ಇನ್ನೂ ದಕ್ಷಿಣಕ್ಕಿರೋ ಅಮ್ಮಾಸ್ಸಲಿಕ್ ಕಡೆಯ ಕುಟುಂಬಗಳನ್ನ ಹಡಗಲ್ಲಿ ಕರ್ಕೊಂಡು ಹೋಗಿ ಅಲ್ಲಿ ಹೊಸ ಊರು ಮಾಡಿದ್ರು. ಬೇಟೆ ಚೆನ್ನಾಗಿತ್ತು ಅನ್ನೋದು ನಿಜ, ಆದ್ರೆ ಅದೇ ಟೈಮಲ್ಲಿ ಪೂರ್ವ ಗ್ರೀನ್‌ಲ್ಯಾಂಡ್ ನಮ್ಮದು ಅಂತ ನಾರ್ವೆ ಕ್ಯಾತೆ ತೆಗೆದಿತ್ತು, ಜನ ಇರೋ ನೆಲ ನಮ್ಮದು ಅಂತ ಹೇಳ್ಕೊಳ್ಳೋದು ಸುಲಭ ಅಲ್ವಾ. 1931ರಲ್ಲಿ ನಾರ್ವೆ ಒಂದು ಭಾಗಕ್ಕೆ ಬಾವುಟ ನೆಟ್ಟು ಕೆಂಪು ಎರಿಕನ ನಾಡು ಅಂತ ಹೆಸರಿಟ್ಟೇಬಿಡ್ತು, ಎರಿಕ್ ಆ ಕಡೆ ಮನೆ ಕಟ್ಟಿದ್ದೇ ಇಲ್ಲ. ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಲ್ಲಿ 1933ರ ಏಪ್ರಿಲಲ್ಲಿ ಡೆನ್ಮಾರ್ಕ್ ಗೆಲ್ತು.

1953 ಅನ್ನೋ ವರ್ಷದ ಬಗ್ಗೆ ಓದಿದಾಗ ಮಾತ್ರ ನನಗೆ ಈ ಬೆಟ್ಟಿನ ತಮಾಷೆ ಎಲ್ಲ ಇಳಿದುಹೋಯ್ತು. ಕೆನಡಾ ಸರ್ಕಾರ ಕ್ವಿಬೆಕ್ ಉತ್ತರದ ಇನುಕ್ಜುವಾಕ್‌ನಿಂದ ಇನ್ಯುಯಿಟ್ ಕುಟುಂಬಗಳನ್ನ ಎತ್ತಿ ಸುಮಾರು 2000 ಕಿಲೋಮೀಟರ್ ಉತ್ತರಕ್ಕೆ, ಎಲ್ಸ್‌ಮಿಯರ್ ಮತ್ತು ಕಾರ್ನ್‌ವಾಲಿಸ್ ದ್ವೀಪಗಳಿಗೆ ಒಯ್ದುಬಿಡ್ತು, ಇಷ್ಟ ಆಗದಿದ್ರೆ ಎರಡು ವರ್ಷಕ್ಕೆ ವಾಪಸ್ ಕರ್ಕೊಂಡು ಬರ್ತೀವಿ ಅಂತ ಮಾತು ಕೊಟ್ಟು ಉಳಿಸ್ಕೊಳ್ಳಲಿಲ್ಲ. ಹೊರಗಿನೋರಿಗೆ ಎಲ್ಲ ಇನ್ಯುಯಿಟ್ ಒಂದೇ, ಎಲ್ಲ ಉತ್ತರನೂ ಒಂದೇ. ಆದ್ರೆ ಅವರು ಬಂದಿದ್ದು 58 ಡಿಗ್ರಿಯಿಂದ, ಚಳಿಗಾಲದಲ್ಲೂ ದಿನಾ ಸೂರ್ಯ ಹುಟ್ಟೋ ಜಾಗ ಅದು. ಹೊಸ ಜಾಗದಲ್ಲಿ ಮೂರು ತಿಂಗಳ ಮೇಲೆ ಸೂರ್ಯನೇ ಇಲ್ಲ, ಗೊತ್ತಿರೋ ಪ್ರಾಣಿಗಳಿಲ್ಲ, ಕತ್ತಲಲ್ಲಿ ಬೇಟೆ ಆಡೋದು ಹೊಸದಾಗಿ ಕಲೀಬೇಕು. ಗ್ರೀಸ್ ಫಿಯೋರ್ಡ್ ಅನ್ನೋ ಆ ಊರಿಗೆ ಅವರ ಭಾಷೇಲಿ ಔಯುಯಿತ್ತುಕ್ ಅಂತ ಹೆಸರು, ಯಾವತ್ತೂ ಕರಗದ ಜಾಗ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಅದೇ 1953ರ ಮೇ ತಿಂಗಳಲ್ಲಿ ಗ್ರೀನ್‌ಲ್ಯಾಂಡಿನ ವಾಯುವ್ಯದಲ್ಲಿ, ಅಮೆರಿಕದ ಥೂಲೆ ಏರ್ ಬೇಸ್‌ಗೆ ಜಾಗ ಬೇಕು ಅಂತ ಪಕ್ಕದ ಹಳ್ಳಿ ಜನಕ್ಕೆ ಕೆಲವೇ ದಿನದ ಗಡುವು ಕೊಟ್ಟು ಎಬ್ಬಿಸಿದ್ರು. ಅವರು ಸ್ಲೆಡ್ಜ್ ಕಟ್ಕೊಂಡು ನೂರು ಕಿಲೋಮೀಟರಿಗೂ ಜಾಸ್ತಿ ಉತ್ತರಕ್ಕೆ, ಈಗಿನ ಕಾನಾಕ್ ಇರೋ ಕಡೆ ಹೋದ್ರು. ಜೂನ್ 5ಕ್ಕೆ ಡೆನ್ಮಾರ್ಕಿನ ಹೊಸ ಸಂವಿಧಾನ ಜಾರಿಗೆ ಬಂತು, ಅವತ್ತಿಂದ ಗ್ರೀನ್‌ಲ್ಯಾಂಡ್ ಕಾಲೊನಿ ಅಲ್ಲ. ಮೇ ತಿಂಗಳು, ಆಮೇಲೆ ಜೂನ್ 5. ನಾನು ಆ ತಾರೀಕುಗಳನ್ನ ಎರಡೆರಡು ಸಲ ಚೆಕ್ ಮಾಡ್ದೆ. ಆ ಎಬ್ಬಿಸಿದ್ದು ಕಾನೂನಿಗೆ ವಿರುದ್ಧ ಅಂತ ಡೆನ್ಮಾರ್ಕಿನ ಕೋರ್ಟೇ 1999ರಲ್ಲಿ ಹೇಳ್ತು.

ಇಷ್ಟೆಲ್ಲ ಓದಿ ಮುಗಿಸಿ ಕೊನೇಲಿ ಮತ್ತೆ ಎರಿಕನ ಮನೆ ಇದ್ದ ಜಾಗಕ್ಕೆ ಝೂಮ್ ಮಾಡ್ದೆ. ಅಲ್ಲೀಗ ಕಸ್ಸಿಯಾರ್ಸುಕ್ ಅಂತ ಸಣ್ಣ ಹಳ್ಳಿ. 1924ರಲ್ಲಿ ಓಟ್ಟೋ ಫ್ರೆಡೆರಿಕ್ಸನ್ ಅನ್ನೋ ಗ್ರೀನ್‌ಲ್ಯಾಂಡಿನ ರೈತ ಅಲ್ಲಿಗೆ ಕುರಿ ತಗೊಂಡು ಬಂದು ನೆಲೆ ನಿಂತ, ಹೊರದಡದ ಕಾಲೊನಿಗಳೆಲ್ಲ ಬಿಟ್ಟು ಫ್ಯೋರ್ಡಿನ ಒಳಗೆ, ಸರಿಯಾಗಿ ಎರಿಕ್ ಕೂತಿದ್ದ ಹುಲ್ಲಿನ ಮೇಲೇ. ಈಗಲೂ ಅಲ್ಲಿ ಜನ ಕುರಿ ಸಾಕ್ತಾರೆ, ಬೇಸಿಗೇಲಿ ಹುಲ್ಲು ಕೊಯ್ದು ಬಿಳೀ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಡ್ತಾರೆ, ಫೋಟೋದಲ್ಲಿ ಹಸಿರು ಹೊಲದ ತುಂಬ ಬಿಳೀ ಉಂಡೆಗಳು, ಹಿಂದೆ ನೀಲಿ ನೀರಲ್ಲಿ ಐಸ್ ತುಂಡು. ಗೆಳೆಯನಿಗೆ ಆ ಫೋಟೋ ಕಳಿಸ್ದೆ, ಇದು ಈಸ್ಟರ್ನ್ ಸೆಟಲ್‌ಮೆಂಟು ಕಣೋ ಅಂತ. ಅವನು ತಕ್ಷಣ ರಿಪ್ಲೈ ಮಾಡ್ದ: "ಗೊತ್ತು. ಪೋಸ್ಟ್ ಎಲ್ಲಿ?"